ಆ್ಯಪ್ ಹತ್ತು ಕಲಿಸಿದರು, ಗ್ರಂಥಾಲಯಕ್ಕೆ ಒಂದೂ ಬರಲಿಲ್ಲ. ಏನು ಮಾಡಲಿ?

ಪ್ರಶ್ನೆ: ನಾನು ಅಂಕೋಲಾ ತಾಲೂಕಿನ ಒಂದು ಗ್ರಾಮ ಪಂಚಾಯತ್ ಗ್ರಂಥಾಲಯದ ಮೇಲ್ವಿಚಾರಕಿ. ವಯಸ್ಸು 46. ಎರಡು ದಿನದ ತರಬೇತಿಗೆ ಹೋಗಿದ್ದೆ. ವಾಟ್ಸ್ಆ್ಯಪ್, ಫೇಸ್‌ಬುಕ್, ಟೆಲಿಗ್ರಾಂ, ಯೂಟ್ಯೂಬ್, ಬ್ಲಾಗ್, ಗೂಗಲ್ ಫಾರ್ಮ್, ಪೋಸ್ಟರ್ ಮಾಡುವ ಕ್ಯಾನ್ವಾ ಎಂದು ಒಂದು ಹತ್ತು ಕಲಿಸಿದರು. ಬಸ್ಸಿನಲ್ಲಿ ಮನೆ ಮುಟ್ಟುವಷ್ಟರಲ್ಲಿ ಅರ್ಧ ಮರೆತಿತ್ತು. ಈಗ ‘ಕಲಿತದ್ದು ಗ್ರಂಥಾಲಯದ ಕೆಲಸಕ್ಕೆ ಹೇಗೆ ಉಪಯೋಗವಾಯಿತು’ ಎಂದು ಎರಡು ಪುಟ ಬರೆದು ಕೊಡಬೇಕಂತೆ. ಏನು ಬರೆಯಲಿ? ನಿಜವಾಗಿ ಯಾವುದನ್ನು ಮೊದಲು ಕಲಿಯಲಿ? ಮಗಳ ಹತ್ತಿರ ಕೇಳಿದರೆ ‘ಮೊನ್ನೆಯೇ ಹೇಳಿದ್ನಲ್ಲ ಅಮ್ಮಾ’ ಅಂತಾಳೆ. ನಾಚಿಕೆಯಾಗುತ್ತದೆ.

ಉತ್ತರ: ಅಕ್ಕೋರೆ, ಮಕ್ಕಳು ನಿಮ್ಮನ್ನು ಹಾಗೇ ಕರೆಯುತ್ತಾರೆ ಎಂದುಕೊಂಡು ನಾನೂ ಹಾಗೇ ಕರೆಯುತ್ತಿದ್ದೇನೆ. ಮೊದಲು ನಾಚಿಕೆಯ ವಿಷಯ ಮುಗಿಸಿಬಿಡೋಣ. ನಾನು ಘಟ್ಟದ ಮೇಲೆ, ಶಿರಸಿಯ ಒಂದು ಕಾಲೇಜಿನಲ್ಲಿ ಗ್ರಂಥಪಾಲಕನಾಗಿದ್ದು ನಿವೃತ್ತನಾಗಿ ಈಗ ಕುಮಟೆಯಲ್ಲಿ ಇದ್ದೇನೆ. ‘ಕಲಿತೆ’ ಎಂದು ಹೇಳಿಕೊಂಡು ಅರ್ಧಕ್ಕೇ ಬಿಟ್ಟವುಗಳ ಲೆಕ್ಕ ತೆಗೆದರೆ ನಿಮ್ಮ ಹತ್ತು ಏನೂ ಅಲ್ಲ.

2006ರಲ್ಲಿ ಅಮೆರಿಕದ ಷಾರ್ಲಟ್ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಹೆಲೆನ್ ಬ್ಲೋವರ್ಸ್ ಎಂಬವರು ತಮ್ಮ ಸಿಬ್ಬಂದಿಗೆಂದು ‘23 ಸಂಗತಿಗಳು’ ಎಂಬ ಕಲಿಕೆ ಶುರು ಮಾಡಿದರು. ಬ್ಲಾಗ್, ಫೋಟೋ ಹಂಚುವ ಫ್ಲಿಕರ್, ಎಲ್ಲರೂ ಸೇರಿ ಬರೆದು ತಿದ್ದುವ ವಿಕಿ, ಪಾಡ್‌ಕಾಸ್ಟ್, ಹೀಗೆ ಆಗ ಹೊಸದಾಗಿದ್ದ 23 ಸಣ್ಣ ಸಣ್ಣ ಕೆಲಸ. ಅವರವರೇ, ಅವರವರ ವೇಗದಲ್ಲಿ ಮಾಡಿ ನೋಡಬೇಕು. ಮಾಡಿದ್ದನ್ನು ಸ್ವಂತ ಬ್ಲಾಗಿನಲ್ಲಿ ಬರೆದಿಡಬೇಕು. ಪೂರ್ತಿ ಮುಗಿಸಿದವರಿಗೆ ಹಾಡು ಕೇಳುವ ಎಂಪಿ3 ಪ್ಲೇಯರ್ ಬಹುಮಾನ. ಪಟ್ಟಿ ಎಲ್ಲರಿಗೂ ತೆರೆದಿತ್ತು, ಹಾಗಾಗಿ ಬೇರೆ ಬೇರೆ ದೇಶದ ಗ್ರಂಥಾಲಯಗಳು ಅದನ್ನು ಎತ್ತಿಕೊಂಡವು.

ನನಗೆ ಅದರ ಸುದ್ದಿ ಸಿಕ್ಕಿದ್ದು ತಡವಾಗಿ. ಶಿರಸಿಯ ಮಳೆಗಾಲ, ಸಂಜೆ ಕಾಲೇಜು ಮುಗಿದ ಮೇಲೆ ಒಬ್ಬನೇ ಕೂತು ಶುರು ಮಾಡಿದೆ. ಕರೆಂಟು ಇದ್ದರೆ ಇಂಟರ್‌ನೆಟ್ ಇಲ್ಲ, ಇಂಟರ್‌ನೆಟ್ ಬಂತು ಅನ್ನುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು. 23ರಲ್ಲಿ 14 ಮುಗಿಸಿದೆ, ಪ್ಲೇಯರ್ ಕೊಡುವವರು ಯಾರೂ ಇರಲಿಲ್ಲ ಬಿಡಿ. ಬ್ಲಾಗಿನಲ್ಲಿ 11 ಬರಹ ಹಾಕಿದೆ, ಆಮೇಲೆ ಪಾಸ್‌ವರ್ಡ್ ಮರೆತೆ. ಆ ಬ್ಲಾಗ್ ಇವತ್ತಿಗೂ ಯಾರೂ ತೆರೆಯದ ಕೋಣೆಯಂತೆ ಎಲ್ಲೋ ಇದೆ.

ಈಗ ನೋಡಿ. ಬೇರೆ ಬೇರೆ ವೆಬ್‌ಸೈಟಿನ ಹೊಸ ಬರಹಗಳನ್ನು ಒಂದೇ ಕಡೆ ತಂದುಕೊಡುವ, ನಾನು ರಾತ್ರಿ ನಿದ್ದೆಗೆಟ್ಟು ಕಲಿತ ಗೂಗಲ್ ರೀಡರ್ 2013ರ ಜುಲೈಯಲ್ಲಿ ಮುಚ್ಚಿಹೋಯಿತು. ಹುಡುಗರೆಲ್ಲ ಅಲ್ಲೇ ಇದ್ದಾರೆ ಎಂದು ಆರ್ಕುಟ್ ಎಂಬ ಜಾಲತಾಣದಲ್ಲಿ ಕಾಲೇಜು ಗ್ರಂಥಾಲಯದ ಹೆಸರಲ್ಲಿ ಒಂದು ಕೂಟ ಕಟ್ಟಿದ್ದೆ, ಅದು 2014ರ ಸೆಪ್ಟೆಂಬರ್ 30ಕ್ಕೆ ನಿಂತಿತು. ವೆಬ್ ಪುಟಗಳನ್ನು ಗುರುತು ಹಾಕಿಡುವ ಡೆಲಿಶಿಯಸ್ ಒಬ್ಬರ ಕೈಯಿಂದ ಇನ್ನೊಬ್ಬರಿಗೆ ಮಾರಾಟವಾಗುತ್ತಾ ಹೋಗಿ ಕೊನೆಗೆ ಇಲ್ಲವಾಯಿತು. ಗೂಗಲಿನವರದೇ ಜಾಲತಾಣ ಗೂಗಲ್ ಪ್ಲಸ್ 2019ರವರೆಗೆ ಉಸಿರಾಡಿತು. ಹಾಗಾದರೆ ಅಷ್ಟು ಕಲಿತದ್ದು ನೀರಲ್ಲಿ ಹೋಮವಾಯಿತಾ? ನಾನೂ ಹಾಗೇ ಅಂದುಕೊಂಡಿದ್ದೆ, ಒಂದು ಸಣ್ಣ ಸಂಗತಿ ಆಗುವವರೆಗೆ.

ಆ 23ರಲ್ಲಿ ಲೈಬ್ರರಿಥಿಂಗ್ ಎಂಬುದೂ ಒಂದು. ಓದುಗರು ತಮ್ಮ ಪುಸ್ತಕಗಳನ್ನು ಸೇರಿಸಿ, ತಮಗೆ ತೋಚಿದ ಶಬ್ದವನ್ನೇ ಗುರುತುಚೀಟಿಯಾಗಿ ಅಂಟಿಸುವ ಜಾಗ. ಟ್ಯಾಗ್ ಅಂತಾರಲ್ಲ, ಅದು. ವರ್ಗೀಕರಣ ಓದಿ ಬಂದ ನನಗೆ ಇದು ಹುಡುಗಾಟ ಅನ್ನಿಸಿತ್ತು. ಒಂದು ದಿನ ಯಾಣದ ಕಡೆಯ ಹುಡುಗನೊಬ್ಬ ಬಂದು ‘ಮಿಸರಿ ಬಗ್ಗೆ ಪುಸ್ತಕ ಇದ್ಯಾ ಸರ್’ ಎಂದ. ಕಂಪ್ಯೂಟರಿನಲ್ಲಿ ‘ಮಿಸರಿ’ ಹೊಡೆದೆ. ಸೊನ್ನೆ. ಅವನು ಹೊರಟೇಬಿಟ್ಟ. ಆದರೆ ಜೇನು ಸಾಕಣೆಯ ನಾಲ್ಕು ಪುಸ್ತಕ ನನ್ನ ಬೆನ್ನ ಹಿಂದಿನ ಕಪಾಟಿನಲ್ಲೇ ಇದ್ದವು, ಪುಸ್ತಕಗಳನ್ನು ವಿಷಯವಾರು ಜೋಡಿಸಲು ಡ್ಯೂಯಿ ಎಂಬ ಅಮೆರಿಕದವನು ಮಾಡಿದ ಸಂಖ್ಯೆಯ ಕ್ರಮದಲ್ಲಿ 638.1 ಎಂದು ಚೀಟಿ ಅಂಟಿಸಿಕೊಂಡು. ಅದರಲ್ಲಿ ಎರಡರಲ್ಲಿ ಮಿಸರಿ ಜೇನಿನ ಬಗ್ಗೆ ಒಂದೊಂದು ಅಧ್ಯಾಯವೇ ಇತ್ತು. ಡ್ಯೂಯಿಗೆ ನಮ್ಮ ಮಿಸರಿ ಗೊತ್ತಿಲ್ಲ, ತುಡವೆಯೂ ಗೊತ್ತಿಲ್ಲ, ತಪ್ಪು ಅವನದಲ್ಲ. ಆ ಶಬ್ದವನ್ನು ಒಳಗೆ ಸೇರಿಸಬೇಕಾದವನು ನಾನು. ಅವತ್ತು ಸಂಜೆ ಕೂತು ಆ ನಾಲ್ಕು ಪುಸ್ತಕದ ದಾಖಲೆಗೆ ತುಡವೆ, ಮಿಸರಿ, ಹೆಜ್ಜೇನು, ಕೋಲುಜೇನು ಎಂದು ಸೇರಿಸಿದೆ. ನಮ್ಮ ಸಾಫ್ಟ್‌ವೇರಿನಲ್ಲಿ ಟ್ಯಾಗ್ ಹಾಕುವ ಸೌಲಭ್ಯ ಇರಲಿಲ್ಲ, ‘ಟಿಪ್ಪಣಿ’ ಎಂಬ ಖಾನೆಯಲ್ಲಿ ತುರುಕಿದೆ, ಹುಡುಕಿದರೆ ಸಿಗುತ್ತಿತ್ತು. ಅಲ್ಲಿಂದ ಮುಂದೆ ಓದುಗರು ಕೌಂಟರಿನಲ್ಲಿ ಬಾಯಿಬಿಟ್ಟು ಕೇಳಿದ ಶಬ್ದವನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಅಭ್ಯಾಸವಾಯಿತು.

ಇದನ್ನು ಇಷ್ಟುದ್ದ ಹೇಳಿದ್ದು ಯಾಕೆಂದರೆ, ಲೈಬ್ರರಿಥಿಂಗ್ ನಾನು ಮತ್ತೆ ತೆರೆದದ್ದೇ ಕಡಿಮೆ. ಆದರೆ ಅದನ್ನು ಮುಟ್ಟದೇ ಇದ್ದಿದ್ದರೆ ಆ ಹುಡುಗ ಹೊರಟುಹೋದದ್ದು ನನಗೆ ತಪ್ಪು ಎಂದೇ ಅನ್ನಿಸುತ್ತಿರಲಿಲ್ಲ. ಗೂಗಲ್ ರೀಡರೂ ಹಾಗೆಯೇ. ಹೊಸದು ಬಂದರೆ ಅದು ಓದುಗನನ್ನು ಹುಡುಕಿಕೊಂಡು ಹೋಗಬೇಕು ಎಂಬುದು ಅದರ ಒಳಗಿನ ಮಾತು. ನೀವು ಹೊಸ ಪುಸ್ತಕದ ಹೊದಿಕೆಯನ್ನು ನೋಟಿಸ್ ಬೋರ್ಡಿಗೆ ಸಿಕ್ಕಿಸುತ್ತೀರಲ್ಲ, ಅದೇ ಕೆಲಸ. ಬೋರ್ಡು ಗೋಡೆಯ ಮೇಲಿದೆ, ಇದು ಜೇಬಿನಲ್ಲಿದೆ.

ಹಾಗಾಗಿ ಹತ್ತನ್ನೂ ಕಲಿಯುವ ಯೋಚನೆ ಇವತ್ತೇ ಬಿಟ್ಟುಬಿಡಿ. ನಿಮ್ಮ ಓದುಗರು ಈಗಾಗಲೇ ಎಲ್ಲಿ ಇದ್ದಾರೋ ಆ ಒಂದನ್ನು ಹಿಡಿಯಿರಿ. ಅದು ವಾಟ್ಸ್ಆ್ಯಪ್ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ದೀಪಾವಳಿವರೆಗೆ ಅದೊಂದೇ ಸಾಕು. ‘ವಾಟ್ಸ್ಆ್ಯಪ್ ನನಗೆ ಬರುತ್ತದಲ್ಲ’ ಅನ್ನಬೇಡಿ. ಅಕ್ಕನ ಮಗನ ಮದುವೆ ಫೋಟೋ ಕಳಿಸುವುದು ಬೇರೆ, ಗ್ರಂಥಾಲಯ ನಡೆಸುವುದು ಬೇರೆ.

ನನಗೆ ಆದ ಪೆಟ್ಟು ಹೇಳುತ್ತೇನೆ. ಶುರುವಿನಲ್ಲಿ ಎಲ್ಲ ಸದಸ್ಯರನ್ನು ಸೇರಿಸಿ ಒಂದು ಗ್ರೂಪ್ ಮಾಡಿದೆ, ಭಾರಿ ಖುಷಿಯಲ್ಲಿ. ಗ್ರೂಪಿನಲ್ಲಿ ಪ್ರತಿಯೊಬ್ಬರ ನಂಬರ್ ಎಲ್ಲರಿಗೂ ಕಾಣುತ್ತದೆ ಎಂಬುದು ಕಣ್ಣೆದುರೇ ಇತ್ತು, ತಲೆಗೆ ಹೋಗಿರಲಿಲ್ಲ. ವಾರದೊಳಗೆ ಇಬ್ಬರು ಹುಡುಗಿಯರಿಗೆ ಗುರುತಿಲ್ಲದವರ ಮೆಸೇಜ್ ಬರಲು ಶುರುವಾಯಿತು. ಒಬ್ಬಳ ಅಪ್ಪ ನೇರ ಗ್ರಂಥಾಲಯಕ್ಕೇ ಬಂದರು. ಬೈಯಲಿಲ್ಲ, ‘ನಿಮ್ಮನ್ನು ನಂಬಿ ನಂಬರ್ ಕೊಟ್ಟಿದ್ದಲ್ವಾ’ ಎಂದಷ್ಟೇ ಹೇಳಿ ಹೋದರು. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು. ಅವತ್ತೇ ಗ್ರೂಪ್ ಅಳಿಸಿದೆ.

ಹಾಗಾಗಿ ಗ್ರೂಪ್‌ಗೆ ಮೊದಲು ಬೇರೆ ದಾರಿ ನೋಡಿ. ಬ್ರಾಡ್‌ಕಾಸ್ಟ್ ಪಟ್ಟಿ ಅಂತ ಇದೆ. ನೀವು ಒಮ್ಮೆ ಕಳಿಸಿದ್ದು ಒಬ್ಬೊಬ್ಬರಿಗೂ ಖಾಸಗಿ ಮೆಸೇಜಿನಂತೆ ಹೋಗುತ್ತದೆ, ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣದು. ಒಂದು ಪಟ್ಟಿಗೆ 256 ಜನ. ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುವುದು. ಎಷ್ಟೋ ಜನ ‘ಬರಲೇ ಇಲ್ಲ’ ಅನ್ನುವುದು ಇದಕ್ಕೇ. ಪುಸ್ತಕ ಕೊಡುವಾಗಲೇ ‘ಈ ನಂಬರ್ ಸೇವ್ ಮಾಡ್ಕೊಳ್ಳಿ’ ಎಂದು ಎದುರಿಗೇ ಮಾಡಿಸಿಬಿಡಿ. ಇನ್ನೊಂದು, 2023ರಲ್ಲಿ ಬಂದ ಚಾನೆಲ್. ಅದರಲ್ಲೂ ನಂಬರ್ ಕಾಣುವುದಿಲ್ಲ, ಎಷ್ಟು ಜನ ಬೇಕಾದರೂ ಸೇರಬಹುದು, ಆದರೆ ಮಾತು ಹೆಚ್ಚುಕಡಿಮೆ ಒಂದೇ ಕಡೆಯಿಂದ. ಪಂಚಾಯತ್ ಗ್ರಂಥಾಲಯಕ್ಕೆ ಬ್ರಾಡ್‌ಕಾಸ್ಟೇ ಹೆಚ್ಚು ಒಗ್ಗುತ್ತದೆ ಎಂಬುದು ನನ್ನ ಅಭಿಪ್ರಾಯ, ಯಾಕೆಂದರೆ ಅದಕ್ಕೆ ಉತ್ತರ ಬರುತ್ತದೆ. ‘ಅಕ್ಕೋರೆ, ಆ ಪುಸ್ತಕ ನನಗೆ ತೆಗೆದಿಡಿ’ ಎಂಬ ಉತ್ತರ ಬರದಿದ್ದರೆ ಇಷ್ಟೆಲ್ಲ ಯಾಕೆ?

ಗ್ರೂಪ್ ಬೇಕೇ ಬೇಕು ಎಂದಾದರೆ ಸಣ್ಣದು ಮಾಡಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹತ್ತು ಹನ್ನೆರಡು ಜನ, ಕೇಳಿದಾಗ ಒಪ್ಪಿದವರು ಮಾತ್ರ.

ಮತ್ತೆ, ನಿಮ್ಮ ಸ್ವಂತ ನಂಬರಿನಲ್ಲಿ ಇದನ್ನು ಮಾಡಬೇಡಿ. ಗ್ರಂಥಾಲಯಕ್ಕೆಂದೇ ಒಂದು ಸಿಮ್ ಇರಲಿ, ಪಂಚಾಯ್ತಿಯಲ್ಲಿ ಕೇಳಿ ನೋಡಿ. ವಾಟ್ಸ್ಆ್ಯಪ್ ಬಿಸಿನೆಸ್ ಎಂಬ ಆ್ಯಪ್ ಅಂಗಡಿಯವರಿಗೆಂದು ಮಾಡಿದ್ದು, ದುಡ್ಡು ಕೊಡಬೇಕಿಲ್ಲ, ಒಂದೇ ಫೋನಿನಲ್ಲಿ ನಿಮ್ಮ ವಾಟ್ಸ್ಆ್ಯಪ್ ಪಕ್ಕದಲ್ಲೇ ಕೂರುತ್ತದೆ. ತೆರೆಯುವ ಸಮಯ ಹಾಕಬಹುದು. ರಾತ್ರಿ ಹತ್ತಕ್ಕೆ ಯಾರಾದರೂ ‘ಲೈಬ್ರರಿ ನಾಳೆ ಇದ್ಯಾ’ ಎಂದು ಕೇಳಿದರೆ ಅದೇ ಉತ್ತರ ಕೊಡುತ್ತದೆ. ಅಂಗಡಿಯವರು ಸೀರೆ, ಮಿಕ್ಸರ್ ತೋರಿಸುವ ಕ್ಯಾಟಲಾಗ್ ಜಾಗದಲ್ಲಿ ನೀವು ಹೊಸ ಪುಸ್ತಕ ತೋರಿಸಿ. ಬೆಲೆಯ ಖಾನೆ ಖಾಲಿ ಬಿಡಿ. ನಾಳೆ ನಿಮ್ಮ ಜಾಗಕ್ಕೆ ಇನ್ನೊಬ್ಬರು ಬಂದರೂ ನಂಬರ್ ಗ್ರಂಥಾಲಯದಲ್ಲೇ ಉಳಿಯುತ್ತದೆ, ನೀವೂ ರಾತ್ರಿ ನೆಮ್ಮದಿಯಾಗಿ ಊಟ ಮಾಡಬಹುದು.

ಏನು ಕಳಿಸಬೇಕು? ಶುಭೋದಯ ಬೇಡ. ಸೂರ್ಯ, ಗುಲಾಬಿ, ಟೀ ಕಪ್ಪು ಯಾವುದೂ ಬೇಡ. ಹೊದಿಕೆಯ ಫೋಟೋ, ಕೆಳಗೆ ಎರಡು ಸಾಲು, ಸಾಧ್ಯವಾದರೆ ಪುಟದ ನಂಬರ್. ‘ಅಡಿಕೆ ಕೊಳೆಗೆ ಬೋರ್ಡೋ ದ್ರಾವಣ ಮಾಡುವ ಕ್ರಮ ಪುಟ 42ರಲ್ಲಿದೆ’ ಎಂದು ನಾನು ಒಮ್ಮೆ ಕಳಿಸಿದ್ದೆ. ಮಳೆ ಹಿಡಿಯುವ ಮುಂಚೆ, ಸರಿಯಾಗಿ ಮೇ ತಿಂಗಳ ಕೊನೆಗೆ. ಆ ಪುಸ್ತಕ ಮೂರು ತಿಂಗಳು ಕಪಾಟಿಗೆ ವಾಪಸ್ ಬರಲಿಲ್ಲ, ಕೈಯಿಂದ ಕೈಗೆ ಹೋಗುತ್ತಲೇ ಇತ್ತು. ನಿಮ್ಮ ಕಡೆ ಲೆಕ್ಕ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ದೋಣಿ ದಡದಲ್ಲಿ, ಗಂಡಸರು ಬಲೆ ಕಟ್ಟುತ್ತಾ ಮನೆಯಲ್ಲೇ. ಗ್ರಂಥಾಲಯಕ್ಕೆ ಹೊಸ ಮುಖ ತರಲು ಅದಕ್ಕಿಂತ ಒಳ್ಳೆಯ ಎರಡು ತಿಂಗಳು ಇಲ್ಲ. ಓದಲು ಬಾರದವರಿಗೆ, ಕಣ್ಣು ಮಂಜಾದವರಿಗೆ ನಿಮ್ಮ ದನಿಯಲ್ಲೇ ವಾಯ್ಸ್ ಮೆಸೇಜ್ ಕಳಿಸಿ. ಕೊಂಕಣಿ ಮಾತಾಡುವವರಿಗೆ ಕೊಂಕಣಿಯಲ್ಲೇ ಹೇಳಿದರೆ ಇನ್ನೂ ಒಳ್ಳೆಯದು.

ಹೇಳುವಾಗ ಇನ್ನೊಂದು ನೆನಪಾಯಿತು. ವಾಯ್ಸ್ ರೆಕಾರ್ಡ್ ಒತ್ತಲು ಬಂತು ಎಂದರೆ ಊರಿನ ಮಾತು ಒಳಗೆ ತರುವ ದಾರಿಯೂ ಸಿಕ್ಕಂತೆ. ನಾನು ಕುಮಟೆಗೆ ಬಂದ ಮೇಲೆ ಅಘನಾಶಿನಿ ದಂಡೆಯ ಅಜ್ಜ ಒಬ್ಬರು ಗಜನಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ಹೊಳೆದಂಡೆಯ ಗದ್ದೆಯಲ್ಲಿ, ಕಗ್ಗ ಭತ್ತ ಬೆಳೆಯುವ ಬಗ್ಗೆ ಹೇಳಿದ್ದನ್ನು ಫೋನಿನಲ್ಲೇ ಹಿಡಿದೆ. ಉಪ್ಪುನೀರಿಗೂ ಜಗ್ಗದ ಭತ್ತ ಅದು. ಹನ್ನೊಂದು ನಿಮಿಷ, ಹಿಂದೆ ಕೋಳಿ ಕೂಗುತ್ತದೆ. ಯಾವ ಪುಸ್ತಕದಲ್ಲೂ ನಾನು ನೋಡದ ಎಂಟು ಹತ್ತು ಶಬ್ದ ಅದರಲ್ಲಿವೆ. ಅವರ ಒಪ್ಪಿಗೆ ಮೊದಲು ಕೇಳಿದ್ದೆ, ಅದನ್ನೂ ರೆಕಾರ್ಡಿನಲ್ಲೇ ಹೇಳಿಸಿದ್ದೆ. ನಿಮ್ಮ ಅಂಕೋಲಾ ಕಡೆ ಹಾಲಕ್ಕಿ ಒಕ್ಕಲಿಗರ ಹಾಡಿದೆ, ಮೀನು ಮಾರುವವರ ಲೆಕ್ಕದ ಮಾತಿದೆ. ಯೂಟ್ಯೂಬಿಗೆ ಹಾಕುವುದು ಆಮೇಲಿನ ಮಾತು, ಮೊದಲು ಹಿಡಿದಿಟ್ಟುಕೊಳ್ಳಿ.

ಎರಡು ಕಡೆ ಕಾಲು ಜಾರುವ ಜಾಗ ಇದೆ. ಒಂದು ಪಿಡಿಎಫ್. ಟೆಲಿಗ್ರಾಂನಲ್ಲಿ ಕನ್ನಡ ಪುಸ್ತಕಗಳ ಪಿಡಿಎಫ್ ರಾಶಿ ರಾಶಿ ಓಡಾಡುತ್ತದೆ, ಓದುಗರೇ ನಿಮಗೆ ಕಳಿಸಿ ‘ಎಲ್ಲರಿಗೂ ಹಾಕಿ ಅಕ್ಕೋರೆ’ ಅಂತಾರೆ. ಹಾಕಬೇಡಿ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡು 60 ವರ್ಷದವರೆಗೆ ಹಕ್ಕುಸ್ವಾಮ್ಯ ಇರುತ್ತದೆ. ನಿಮ್ಮ ತಾಲೂಕಿನವರೇ ಆದ ದಿನಕರ ದೇಸಾಯಿಯವರು ತೀರಿಕೊಂಡದ್ದು 1982ರಲ್ಲಿ. ಅಂದರೆ ಅವರ ಚುಟುಕಗಳ ಇಡೀ ಪುಸ್ತಕವನ್ನು ಸ್ಕ್ಯಾನ್ ಮಾಡಿ ಹಂಚಲು 2042 ಮುಗಿಯುವವರೆಗೆ ಅನುಮತಿ ಬೇಕು. ಊರೆಲ್ಲ ಬಾಯಿಪಾಠ ಹೇಳುತ್ತದೆ, ಅದು ಬೇರೆ. ಪಿಡಿಎಫ್ ಕೇಳಿ ಬಂದವರಿಗೆ ಮುಕ್ತವಾಗಿ ಓದಬಹುದಾದ ಪುಸ್ತಕಗಳಿರುವ ಕನ್ನಡ ವಿಕಿಸೋರ್ಸ್ ಅಥವಾ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಡಿಜಿಟಲ್ ಗ್ರಂಥಾಲಯ ತೋರಿಸಿ.

ಇನ್ನೊಂದು ಗಾಳಿಸುದ್ದಿ. 2024ರ ಜುಲೈ 16ರಂದು ನಿಮ್ಮ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ನಿಮ್ಮ ಫೋನಿಗೆ ಏನೇನು ಬಂತು ಎಂದು ನಾನು ಹೇಳಬೇಕಿಲ್ಲ. ನನ್ನ ಫೋನಿಗೆ ಬಂದ ಒಂದು ವಿಡಿಯೋದಲ್ಲಿ ಗುಡ್ಡವೂ ನಮ್ಮದಲ್ಲ, ಲಾರಿಯ ನಂಬರ್ ಪ್ಲೇಟೂ ನಮ್ಮ ರಾಜ್ಯದ್ದಲ್ಲ. ಆದರೂ ಓದಿದವರೇ ಕಳಿಸಿದ್ದು. ಗ್ರಂಥಾಲಯದ ನಂಬರಿನಿಂದ ಇಂಥದ್ದು ಒಮ್ಮೆ ಹೋದರೂ ಜನ ಮರೆಯುವುದಿಲ್ಲ. ಗೂಗಲ್ ಲೆನ್ಸ್‌ನಲ್ಲಿ ಫೋಟೋ ಹಾಕಿ ಅದು ಹಿಂದೆ ಎಲ್ಲೆಲ್ಲಿ ಬಂದಿದೆ ಎಂದು ಹುಡುಕುವುದನ್ನು ಕಲಿಯಿರಿ, ಅರ್ಧ ಗಂಟೆಯ ಕೆಲಸ. ನನ್ನನ್ನು ಕೇಳಿದರೆ ಕ್ಯಾನ್ವಾಕ್ಕಿಂತ ಮೊದಲು ಕಲಿಯಬೇಕಾದ್ದು ಇದು. ಮಳೆಗಾಲದಲ್ಲಿ ಶಾಲೆಗೆ ರಜೆ ಇದೆಯೋ ಇಲ್ಲವೋ ಎಂಬುದಕ್ಕೆ ಜಿಲ್ಲಾಡಳಿತದ ಆದೇಶ ಕೈಗೆ ಬರುವವರೆಗೆ ತುಟಿ ಬಿಚ್ಚಬೇಡಿ.

ಕನ್ನಡ ಟೈಪಿಂಗ್ ಬಗ್ಗೆ ಒಂದೇ ಮಾತು. ಹಳೆಯ ನುಡಿ ಫಾಂಟಿನಲ್ಲಿ ಕಂಪ್ಯೂಟರಿನಲ್ಲಿ ಹೊಡೆದದ್ದನ್ನು ಹಾಗೇ ಕಾಪಿ ಮಾಡಿ ಫೋನಿಗೆ ಹಾಕಿದರೆ ಅಕ್ಷರ ಚೆಲ್ಲಾಪಿಲ್ಲಿಯಾಗುತ್ತದೆ. ಎಲ್ಲ ಫೋನಿನಲ್ಲೂ ಸರಿಯಾಗಿ ಕಾಣುವ ಯುನಿಕೋಡ್ ಅಕ್ಷರಕ್ಕೆ ಬದಲಿಸಿ ಹಾಕಿ. ಫೋನಿನಲ್ಲಾದರೆ ಮೈಕ್ ಗುರುತು ಒತ್ತಿ ಮಾತಾಡಿ, ಅದೇ ಟೈಪ್ ಮಾಡಿಕೊಳ್ಳುತ್ತದೆ. ಕಳಿಸುವ ಮೊದಲು ಓದಿ ನೋಡಿ. ನನ್ನ ‘ಕಥಾಸಂಕಲನ’ ಒಮ್ಮೆ ‘ಕತ್ತಾ ಸಂಕಲನ’ವಾಗಿ ಹೋಗಿತ್ತು.

ಈಗ ನಿಮ್ಮ ಎರಡು ಪುಟಕ್ಕೆ ಬರೋಣ. ಹೆಚ್ಚಿನವರು ಬರೆಯುವುದು ಏನು ಗೊತ್ತಾ? ‘ಇಂದಿನ ಯುಗದಲ್ಲಿ ಸಾಮಾಜಿಕ ಜಾಲತಾಣಗಳ ಪಾತ್ರ ಮಹತ್ವದ್ದಾಗಿದೆ.’ ನಾನೂ ಇಂಥ ವರದಿಗಳನ್ನು ಓದಿದ್ದೇನೆ, ಬರೆದೂ ಇದ್ದೇನೆ. ಅದರಿಂದ ಯಾರಿಗೂ ಏನೂ ತಿಳಿಯಲಿಲ್ಲ. ಷಾರ್ಲಟ್‌ನವರು ಪ್ರತಿಯೊಬ್ಬರಿಗೂ ಬ್ಲಾಗ್ ಬರೆಸಿದ್ದರ ಬೆಲೆ ನನಗೆ ಅರ್ಥವಾದದ್ದು ತಡವಾಗಿ. ನನ್ನ 11 ಬರಹಗಳಲ್ಲಿ ಆಮೇಲೆ ಕೆಲಸಕ್ಕೆ ಬಂದದ್ದು ಎರಡೇ, ಎರಡೂ ‘ಇವತ್ತು ಇದು ಆಗಲಿಲ್ಲ’ ಎಂದು ಸಿಟ್ಟಿನಲ್ಲಿ ಬರೆದವು. ಎಲ್ಲಿ ಸಿಕ್ಕಿಹಾಕಿಕೊಂಡೆ, ಯಾವ ಗುಂಡಿ ಒತ್ತಿದರೆ ಬಿಡಿಸಿತು ಎಂದು ಅದರಲ್ಲಿ ಮಾತ್ರ ಇತ್ತು.

ಹಾಗಾಗಿ ಎರಡು ಪುಟ ಇವತ್ತೇ ಬರೆಯಬೇಡಿ. ಸಮಯ ಇದ್ದರೆ ಒಂದು ತಿಂಗಳು ಕೇಳಿಕೊಳ್ಳಿ. ಮಕ್ಕಳ ಇನ್ನೂರು ಪೇಜಿನ ನೋಟ್‌ಬುಕ್ ತೆಗೆದುಕೊಂಡು ದಿನಕ್ಕೆ ಮೂರು ಸಾಲು ಗೀಚಿ. ಹೀಗೆ: ‘ಸೋಮವಾರ. ಬ್ರಾಡ್‌ಕಾಸ್ಟ್ ಕಳಿಸಿದೆ, 60 ಜನರಲ್ಲಿ 22 ಜನಕ್ಕೆ ಮಾತ್ರ ಹೋಯಿತು. ಉಳಿದವರು ನಂಬರ್ ಸೇವ್ ಮಾಡಿಲ್ಲ.’ ‘ಬುಧವಾರ. ಕಡಲ ದಂಡೆಯ ಹೆಂಗಸು ಫೋಟೋ ತೋರಿಸಿ ಇದೇ ಹೊಲಿಗೆ ಪುಸ್ತಕ ಬೇಕು ಎಂದಳು. ಮೊದಲ ಸಲ ಬಂದವಳು.’ ‘ಶುಕ್ರವಾರ. ನೆಟ್‌ವರ್ಕ್ ಇಲ್ಲ. ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲೇ ಬರೆದೆ.’ ತಿಂಗಳ ಕೊನೆಗೆ ಇದನ್ನೇ ಸ್ವಲ್ಪ ತಿದ್ದಿ ಬರೆದರೆ ನಿಮ್ಮ ಎರಡು ಪುಟ ಆಯಿತು. ‘ಫೇಸ್‌ಬುಕ್ ಪುಟ ತೆರೆದೆ, ನಮ್ಮೂರಲ್ಲಿ ಯಾರೂ ನೋಡಲಿಲ್ಲ, ಬಿಟ್ಟೆ’ ಎಂದೂ ಬರೆಯಿರಿ. ಧೈರ್ಯವಾಗಿ. ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಗುರು ರಂಗನಾಥನ್ ಗ್ರಂಥಾಲಯಗಳಿಗೆಂದು 1931ರಲ್ಲಿ ಕೊಟ್ಟ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಿ ಎಂದಲ್ವಾ? ಓದುಗರ ಸಮಯವೂ ಉಳಿಸದ, ನಿಮ್ಮ ಸಮಯವೂ ತಿನ್ನುವ ಆ್ಯಪನ್ನು ಬಿಟ್ಟದ್ದಕ್ಕೆ ಕಾರಣ ಹೇಳಬೇಕಾಗಿಲ್ಲ.

ಮಗಳ ವಿಷಯ. ರಂಗನಾಥನ್ ಗಣಿತದ ಮೇಷ್ಟರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ ಸೇರಿ, ಬೇಸರವಾಗಿ ಪಾಠಕ್ಕೇ ವಾಪಸ್ ಹೋಗುತ್ತೇನೆ ಎಂದು ಹೊರಟವರು. ಆಮೇಲೆ ತರಬೇತಿಗೆ ಲಂಡನ್ನಿಗೆ ಹೋದಾಗ ಅಲ್ಲಿನ ಒಂದು ದೊಡ್ಡ ಅಂಗಡಿಯಲ್ಲಿ ಮೆಕ್ಯಾನೊ ಆಟಿಕೆ ನೋಡಿದರು. ಅವೇ ಪಟ್ಟಿ, ಅವೇ ನಟ್ಟು, ಜೋಡಿಸುವ ರೀತಿ ಬದಲಿಸಿದರೆ ಬೇರೆ ಬೇರೆ ವಸ್ತು. ಪುಸ್ತಕಗಳನ್ನು ವಿಷಯವಾರು ವಿಂಗಡಿಸುವ ಅವರ ಕೋಲನ್ ವರ್ಗೀಕರಣದ ಹೊಳಹು ಅಲ್ಲಿಂದ. ಮಕ್ಕಳ ಆಟಿಕೆಯ ಮುಂದೆ ನಿಂತು ಕಲಿಯಲು ಅವರಿಗೆ ನಾಚಿಕೆಯಾಗಲಿಲ್ಲ. ನಿಮ್ಮ ಮಗಳ ಹತ್ತಿರ ಕೇಳಿ, ಆದರೆ ಒಂದು ಶರತ್ತು ಹಾಕಿ. ಫೋನ್ ನಿಮ್ಮ ಕೈಯಲ್ಲೇ ಇರಲಿ, ಅವಳು ಬಾಯಲ್ಲಿ ಹೇಳಲಿ, ಒತ್ತುವುದು ನೀವೇ. ಅವಳು ಕಸಿದುಕೊಂಡು ‘ಹಿಂಗೆ, ಹಿಂಗೆ, ಆಯ್ತು’ ಎಂದು ಮಾಡಿಕೊಟ್ಟರೆ ನಾಳೆ ಮತ್ತೆ ಅವಳ ಬಾಗಿಲಿಗೇ ಹೋಗಬೇಕು. ಗ್ರಂಥಾಲಯಕ್ಕೆ ಬರುವ ಒಂಬತ್ತನೇ ಕ್ಲಾಸಿನ ಹುಡುಗಿಯರನ್ನೂ ಕೇಳಿ, ಅವರು ನಿಮ್ಮ ಮಗಳಷ್ಟು ಸಿಡುಕುವುದಿಲ್ಲ.

ಈ ವಾರ ಸಿಮ್ ಆದರೆ ಸಾಕು. ನಂಬರನ್ನು ಅರ್ಧ ಅಡಿ ಅಕ್ಷರದಲ್ಲಿ ಬರೆಸಿ ಬಾಗಿಲ ಪಕ್ಕ ಹಚ್ಚಿ, ಲ್ಯಾಮಿನೇಶನ್ ಮಾಡಿಸಿ, ಇಲ್ಲದಿದ್ದರೆ ನಿಮ್ಮ ಕಡೆಯ ಮಳೆಗೆ ಒಂದು ವಾರವೂ ತಡೆಯುವುದಿಲ್ಲ. ವಾಟ್ಸ್ಆ್ಯಪ್ ಸೆಟ್ಟಿಂಗಿನಲ್ಲಿ ಫೋಟೋ ತಾನಾಗಿ ಇಳಿಯುವುದನ್ನು ಮೊದಲೇ ನಿಲ್ಲಿಸಿ, ಇಲ್ಲದಿದ್ದರೆ ದೀಪಾವಳಿಗೆ ಮುಂಚೆಯೇ ಫೋನ್ ತುಂಬಿ ‘ಜಾಗ ಇಲ್ಲ’ ಎನ್ನುತ್ತದೆ, ನೀವು ನನಗೆ ಇನ್ನೊಂದು ಪ್ರಶ್ನೆ ಕಳಿಸಬೇಕಾಗುತ್ತದೆ.